ಮಣ್ಣಿನ ಓಲೆಗಳು: ಅಸ್ಸೂರ್ ಮತ್ತು ಕನೇಶ್ ವರ್ತಕರ ಪತ್ರವ್ಯವಹಾರ

ಅಂಚೆಯ ಇತಿಹಾಸವನ್ನು ಪಾರಸೀಕ ಚಕ್ರವರ್ತಿಗಳ ಕುದುರೆ ಸವಾರರಿಂದ ಪ್ರಾರಂಭಿಸುವುದು ವಾಡಿಕೆ. ಅದು ಅರಸರ ಅಂಚೆ. ಅದಕ್ಕೆ ಸಾವಿರ ವರ್ಷಗಳಿಗೂ ಹಿಂದೆ, ಕ್ರಿ.ಪೂ. 19ನೆಯ ಶತಮಾನದಲ್ಲಿ, ಯಾವ ಅರಸನ ನೆರವೂ ಇಲ್ಲದೆ ವರ್ತಕರೇ ನಡೆಸಿದ ಪತ್ರವ್ಯವಹಾರವೊಂದುಂಟು.

ಟೈಗ್ರಿಸ್ ನದಿಯ ದಡದ ಅಸ್ಸೂರ್ ನಗರದಿಂದ ಅನಟೋಲಿಯದ ಕನೇಶ್‌ಗೆ ಸುಮಾರು 1,000 ಕಿಲೋಮೀಟರ್ ದಾರಿ; ಕತ್ತೆಗಳ ಸಾರ್ಥಕ್ಕೆ ಆರು ವಾರಗಳ ಪಯಣ. ಹೋಗುವಾಗ ತವರ ಮತ್ತು ಬಟ್ಟೆ, ಮರಳುವಾಗ ಬೆಳ್ಳಿ ಬಂಗಾರ. ಕನೇಶ್ ಇಂದಿನ ತುರ್ಕಿಯ ಕುಲ್ತೆಪೆ ದಿಬ್ಬ. 1925ರಲ್ಲಿ ಹ್ರೋಜ್ನಿಯೂ 1948ರಿಂದ ತಹಸಿನ್ ಓಜ್ಗುಚ್ ಅವರೂ ನಡೆಸಿದ ಉತ್ಖನನಗಳೇ ಮೊದಲಾಗಿ ಇಲ್ಲಿ ದೊರೆತ ಮಣ್ಣಿನ ಫಲಕಗಳು 20,000ಕ್ಕೂ ಮಿಗಿಲು. ಓಲೆಯನ್ನು ತೆಳುವಾದ ಮಣ್ಣಿನ ಲಕೋಟೆಯಲ್ಲಿ ಮುಚ್ಚಿ, ಮೇಲೆ ಮುದ್ರೆಯನ್ನು ಉರುಳಿಸುತ್ತಿದ್ದರು, ಒಡೆಯದೆ ಓದುವಂತಿರಲಿಲ್ಲ. ಬಳಸುತ್ತಿದ್ದ ಲಿಪಿಸಂಕೇತಗಳೂ ಕೆಲವೇ. ಆದ್ದರಿಂದ ವೃತ್ತಿಲಿಪಿಕಾರನ ಹಂಗಿಲ್ಲದೆ ಅನೇಕ ವರ್ತಕರು ತಾವೇ ಬರೆದುಕೊಂಡಿರಬೇಕು.

ಒಯ್ಯುವವನು ಸಾರ್ಥದೊಡನೆ ಹೊರಟ ಪಾಲುದಾರ, ಇಲ್ಲವೆ ನಂಬುಗೆಯ ಪರಿಚಿತ. ಅಸ್ಸೂರಿನಲ್ಲಿದ್ದ ಲಮಸ್ಸಿ ಎಂಬ ಗೃಹಿಣಿ ಕನೇಶ್‌ನಲ್ಲಿದ್ದ ಪತಿ ಪುಶುಕೇನನಿಗೆ ತಾನು ನೇಯಿಸಿದ ಬಟ್ಟೆಗಳಲ್ಲಿ ಯಾರ ಕೈಯಲ್ಲಿ ಎಷ್ಟು ಕಳುಹಿಸಿದ್ದೇನೆಂದು ಹೆಸರು ಹೇಳಿ ಬರೆಯುತ್ತಾಳೆ. ಹೀಗೆ ಓಲೆಯೇ ಸರಕಿನ ಪಟ್ಟಿಯೂ ಆಗಿ, ದಾರಿಯ ಕಳವಿಗೆ ಕಾವಲೂ ಆಗುತ್ತಿತ್ತು. ಒಮ್ಮೆ ಬಟ್ಟೆ ಕಳುಹಿಸಲಾಗಲಿಲ್ಲ. ಸಿಟ್ಟಾಗಬೇಡ, ಹುಡುಗಿ ದೊಡ್ಡವಳಾಗಿದ್ದಾಳೆ, ಮನೆಯವರಿಗೂ ಮಕ್ಕಳಿಗೂ ನೇಯಬೇಕಾಯಿತು ಎಂದು ಸಮಾಧಾನ ಹೇಳುತ್ತಾಳೆ. ಲೆಕ್ಕದ ಕಾಗದವೆಂದು ಇದನ್ನು ಬದಿಗಿಡುವ ಇತಿಹಾಸಕಾರನು ಅರ್ಧವನ್ನೇ ಓದಿದಂತೆ.

ಸುದ್ದಿ ಬೇಗ ತಲುಪದಿದ್ದರೆ ಒದಗುವ ಅಪಾಯವೂ ಸಣ್ಣದಲ್ಲ. ದಾರಿಯ ಅರಮನೆಗಳಿಗೆ ಸುಂಕ ತೆರಬೇಕು. ಅದನ್ನು ತಪ್ಪಿಸಲು ಒಳದಾರಿ ಹಿಡಿಯುವವರಿದ್ದರು. ಬೇರೊಬ್ಬನು ಕಳುಹಿಸಿದ ಕಳ್ಳಸರಕು ಸಿಕ್ಕಿಬಿದ್ದು ಪುಶುಕೇನನನ್ನು ಅರಮನೆಯವರು ಸೆರೆಯಲ್ಲಿಟ್ಟರೆಂದೂ, ರಾಣಿಯು ಸುತ್ತಲಿನ ಪಟ್ಟಣಗಳಿಗೆ ಕಳ್ಳಸಾಗಣೆಯ ವಿಷಯವಾಗಿ ಬರೆದು ಕಾವಲಿಡಿಸಿದ್ದಾಳೆಂದೂ, ಆದುದರಿಂದ ಏನನ್ನೂ ಕದ್ದು ತರಬೇಡವೆಂದೂ ಎಚ್ಚರಿಸುವ ಓಲೆಯೊಂದು ಉಳಿದಿದೆ. ಅರಮನೆಯ ಪತ್ರವನ್ನು ವರ್ತಕರ ಪತ್ರವು ಓಟದಲ್ಲಿ ಹಿಂದಿಕ್ಕಬೇಕಾಗಿತ್ತು.

ಈ ಓಲೆಗಳು ಉಳಿದುದು ವಿಪತ್ತಿನಿಂದ. ಕ್ರಿ.ಪೂ. 1835ರ ಸುಮಾರಿಗೆ ಕನೇಶ್‌ನ ವರ್ತಕರ ಕೇರಿ ಸುಟ್ಟುಹೋಯಿತು. ದಫ್ತರಗಳು ಮನೆಗಳ ಅವಶೇಷದಡಿಯಲ್ಲಿ ಉಳಿದವು. ಅಸ್ಸೂರಿನ ವರ್ತಕರ ಮನೆಗಳ ದಫ್ತರಗಳು ದೊರೆತಿಲ್ಲ. ಲಮಸ್ಸಿಯ ಮಾತು ನಮಗೆ ಕೇಳಿಸುತ್ತದೆ; ಅವಳ ಮನೆಗೆ ಪತಿಯಿಂದ ಬಂದ ಉತ್ತರಗಳು ಇಲ್ಲ.