ಅಚ್ಚು ತಪ್ಪದ ಕೆಲಸ: ಗಡಿಯಾರದಿಂದ ಹೆಲಿಕಾಪ್ಟರಿನವರೆಗೆ

ತಿರುಗುವ ವಸ್ತುವಿನ ತೂಕದ ಕೇಂದ್ರ ಅದು ತಿರುಗುವ ಅಕ್ಷದ ಮೇಲೆಯೇ ಕೂರಬೇಕು. ಕೂದಲೆಳೆಯಷ್ಟು ಸರಿದರೂ ವಸ್ತು ತೊನೆಯತೊಡಗುತ್ತದೆ. ಸುತ್ತುವ ವೇಗ ಎರಡು ಪಟ್ಟಾದರೆ ತೊನೆತದ ಬಲ ನಾಲ್ಕು ಪಟ್ಟಾಗುತ್ತದೆ.

ಈ ನಿಯಮ ಕಟ್ಟುನಿಟ್ಟಾಗಿ ಪರೀಕ್ಷೆಗೆ ಒಳಗಾಗುವುದು ರೈಫಲ್ ಗುಂಡಿನಲ್ಲಿ. .303 ರೈಫಲಿನ ನಳಿಕೆಯ ಒಳಗೀರುಗಳು 10 ಇಂಚಿಗೆ ಒಂದು ಸುತ್ತು ತಿರುಗುತ್ತವೆ. ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ಅದೇ ಸೆಕೆಂಡಿನಲ್ಲಿ ಸುಮಾರು 2,900 ಸುತ್ತು ಹಾಕುತ್ತದೆ. ತೋಟಾದ ಹಿತ್ತಾಳೆ ಕವಚದಲ್ಲಿ ಅದು ವಾರೆಯಾಗಿ ಕೂತಿದ್ದರೆ ನಳಿಕೆಯನ್ನೂ ವಾರೆಯಾಗಿಯೇ ಹೊಕ್ಕು, ಹೊರಬಿದ್ದ ಕೂಡಲೇ ಪಕ್ಕಕ್ಕೆ ಸರಿಯುತ್ತದೆ. ಅಮೆರಿಕದ ವೈದ್ಯ ಫ್ರಾಂಕ್ಲಿನ್ ಮನ್ ವರ್ಷಗಟ್ಟಲೆ ಪ್ರಯೋಗ ಮಾಡಿ, ಗುರಿ ತಪ್ಪುವುದಕ್ಕೆ ಗುಂಡಿನ ಅಸಮತೋಲ ದೊಡ್ಡ ಕಾರಣವೆಂದು 1909ರಲ್ಲಿ ಪ್ರಕಟಿಸಿದ. ಕೈಯಲ್ಲೇ ತೋಟಾ ತುಂಬಿಕೊಳ್ಳುವ ಅಲ್ಲಿನ ಗುರಿಕಾರರು ಇಂದಿಗೂ ಪ್ರತಿ ತೋಟಾವನ್ನು ಉರುಳಿಸಿ, ಡಯಲ್ ಗೇಜಿನ ಮುಳ್ಳು ಎಷ್ಟು ಅಲ್ಲಾಡುತ್ತದೆಂದು ನೋಡುತ್ತಾರೆ. ಭಾರತದಲ್ಲಿ 1959ರ ಆಯುಧ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅದೇ ಜಾಣ್ಮೆ ಇಲ್ಲಿ ಬೇರೆ ಕಸುಬುಗಳಲ್ಲಿ ಬೆಳೆಯಿತು. ತುಮಕೂರು ಸೀಮೆ ಅದಕ್ಕೆ ಒಳ್ಳೆಯ ನಿದರ್ಶನ.

ಈ ಸೀಮೆಯ ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸುತ್ತಿದ್ದ ಕಾಲದಲ್ಲಿ ಅದೇ ಸೈನ್ಯದ ಕೈಯಲ್ಲಿ ರಾಕೆಟ್‌ಗಳೂ ಇದ್ದವು. ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟಿದ ಈ ಅಸ್ತ್ರ ತಿರುಗುತ್ತಿರಲಿಲ್ಲ; ಬಿದಿರೇ ಅದರ ದಿಕ್ಕು ಕಾಯಬೇಕಿತ್ತು. ಕಡ್ಡಿ ಕೊಳವೆಯ ಪಕ್ಕಕ್ಕಿದ್ದುದರಿಂದ ತೂಕ ಒಂದು ಕಡೆ ವಾಲುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನ ಕಾಂಗ್ರೀವ್ ಮೈಸೂರು ಮಾದರಿಯ ಮೇಲೆ ರಾಕೆಟ್ ರೂಪಿಸಿ, ಮುಂದೆ ಕಡ್ಡಿಯನ್ನು ನಟ್ಟನಡುವಿಗೆ ತಂದ. 1844ರಲ್ಲಿ ವಿಲಿಯಂ ಹೇಲ್ ಕಡ್ಡಿಯನ್ನೇ ತೆಗೆದು ರಾಕೆಟ್ಟನ್ನು ಗುಂಡಿನಂತೆ ತಿರುಗಿಸಿದ.

ತುಮಕೂರಿಗೆ ಸೂಕ್ಷ್ಮ ಯಂತ್ರಕೆಲಸ ದೊಡ್ಡ ಪ್ರಮಾಣದಲ್ಲಿ ಬಂದದ್ದು ಎಚ್‌ಎಂಟಿಯಿಂದ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ 1961ರಲ್ಲಿ ಕೈಗಡಿಯಾರ ಆರಂಭಿಸಿದ ಸಂಸ್ಥೆ, 1978ರಲ್ಲಿ ತುಮಕೂರಿನಲ್ಲಿ ಕಾರ್ಖಾನೆ ತೆರೆಯಿತು. ಕೀಲಿ ಕೊಡುವ ಗಡಿಯಾರದ ಜೀವ ಅದರ ಸಮತೋಲ ಚಕ್ರ. ಎಚ್‌ಎಂಟಿಯ ಹೆಸರಾಂತ ಜನತಾದಲ್ಲಿ ಸವೆತ ತಡೆಯುವ 17 ಕಲ್ಲುಗಳಿದ್ದವು. ಅದರ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಮಿಡಿಯುತ್ತಿತ್ತು. ಇಂಥ ಚಕ್ರದ ಅಚ್ಚಿನ ತುದಿ ಸುಮಾರು 0.1 ಮಿಲಿಮೀಟರ್ ದಪ್ಪ. ಚಕ್ರದ ಅಂಚಿನ ಒಂದು ಬದಿ ತುಸು ಭಾರವಾದರೂ ಸಾಕು, ಮೇಜಿನ ಮೇಲೆ ಅಂಗಾತ ಇಟ್ಟಾಗ ಸರಿಯಾಗಿ ಓಡುವ ಗಡಿಯಾರ ಕೈ ಇಳಿಬಿಟ್ಟಾಗ ಮುಂದೋ ಹಿಂದೋ ಹೋಗುತ್ತದೆ. ಹೀಗಾಗಿ ಚಕ್ರವನ್ನು ಸಮತೋಲದ ಸಾಧನದ ಮೇಲಿಟ್ಟು, ಭಾರದ ಬದಿ ಕೆಳಗೆ ಬಂದು ನಿಲ್ಲುವುದನ್ನು ಕಾದು, ಅಲ್ಲಿ ಕಣದಷ್ಟು ಲೋಹ ತೆಗೆಯುತ್ತಾರೆ. ಇದಕ್ಕೆ ಬೇಕಾದ ತಾಳ್ಮೆ ಯಾವ ಗುರಿಕಾರನ ತಾಳ್ಮೆಗೂ ಕಡಿಮೆಯದಲ್ಲ.

ಕ್ವಾರ್ಟ್ಸ್ ಗಡಿಯಾರಗಳು ಈ ಚಕ್ರವನ್ನೇ ಅನಗತ್ಯವಾಗಿಸಿದವು. ಮಾರುಕಟ್ಟೆಯ ಪೈಪೋಟಿಯಲ್ಲಿ ಎಚ್‌ಎಂಟಿ ಹಿಂದೆ ಬಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರ ಮಾಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಕಟ್ಟಡಕ್ಕೆ ಹೊಸ ಒಡೆಯರು ಸಿಕ್ಕರು, ನುರಿತ ಕೈಗಳು ಚದುರಿದವು. ನಿಜವಾದ ನಷ್ಟ ಅದು.

ಅದೇ 2016ರ ಜನವರಿ 3ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. 615 ಎಕರೆಯ ಈ ಘಟಕ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಇಲ್ಲಿ ಅಚ್ಚಿನ ಪ್ರಶ್ನೆ ಮತ್ತೆ ಬರುತ್ತದೆ, ಮೈಕ್ರೋಮೀಟರಿನ ಬದಲು ಮೀಟರುಗಳ ಅಳತೆಯಲ್ಲಿ. ರೋಟರಿನ ರೆಕ್ಕೆಗಳ ತೂಕ ಹೊಂದಬೇಕು. ಸುತ್ತುವಾಗ ಎಲ್ಲ ರೆಕ್ಕೆಗಳ ತುದಿಗಳೂ ಒಂದೇ ಮಟ್ಟದಲ್ಲಿ ಹಾಯಬೇಕು. ತಪ್ಪಿದರೆ ನಡುಕ ಇಡೀ ಒಡಲಿಗೆ ಹರಡಿ, ಬೇರಿಂಗ್ ಸವೆದು, ಪೈಲಟ್ಟಿನ ಕಣ್ಣು ಮಾಪಕಗಳ ಮೇಲೆ ನಿಲ್ಲದಾಗುತ್ತದೆ.

2025ರ ಮಾರ್ಚಿನಲ್ಲಿ ರಕ್ಷಣಾ ಸಚಿವಾಲಯ 156 ಪ್ರಚಂಡ್ ಯುದ್ಧ ಹೆಲಿಕಾಪ್ಟರುಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೂತಿಯಲ್ಲಿ 20 ಮಿಲಿಮೀಟರ್ ಗನ್ ಹೊತ್ತ ಇವು ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ ತಯಾರಾಗಲಿವೆ.