ಹೋಂವರ್ಕ್‌ಗೆ ಬಂದ ನದಿ: ಅರ್ಕಾವತಿ, ವೃಷಭಾವತಿಯ ಜಾಡಿನಲ್ಲಿ

'ನಿಮ್ಮ ಊರಿನ ನದಿಯ ಕುರಿತು ಮಾಹಿತಿ ಸಂಗ್ರಹಿಸಿ, ಚಿತ್ರ ಅಂಟಿಸಿ ತನ್ನಿ.' ಪ್ರಾಥಮಿಕ ಶಾಲೆಯ ನಾಲ್ಕನೆಯ ಅಥವಾ ಐದನೆಯ ತರಗತಿಯ ಮಕ್ಕಳಿಗೆ ಪರಿಸರ ಅಧ್ಯಯನದ ಅಂಗವಾಗಿ ಇಂಥ ಹೋಂವರ್ಕ್ ಒಮ್ಮೆಯಾದರೂ ಬರುವುದುಂಟು. ಬೆಂಗಳೂರಿನಲ್ಲಿ ಮುಂದಿನ ಕಥೆ ಬಹುಪಾಲು ಮನೆಗಳಲ್ಲಿ ಒಂದೇ ಬಗೆಯದು. ತಂದೆ ಕಾವೇರಿಯ ಚಿತ್ರವೊಂದನ್ನು ಮುದ್ರಿಸಿ ತರುತ್ತಾರೆ. ತಾಯಿ ನಾಲ್ಕು ವಾಕ್ಯಗಳನ್ನು ದುಂಡಾಗಿ ಬರೆದುಕೊಡುತ್ತಾರೆ. ಅಂಟು ಹಚ್ಚುವ ಕೆಲಸ ಮಾತ್ರ ಮಗುವಿನದು. ಅಷ್ಟಕ್ಕೂ ಬಿಡುವಿಲ್ಲದವರಿಗೆ ಸ್ಟೇಷನರಿ ಅಂಗಡಿಯಲ್ಲಿ 'ನದಿಗಳು' ಎಂಬ ಸಿದ್ಧ ಚಾರ್ಟ್ ದೊರೆಯುತ್ತದೆ.

ಆದರೆ ಅದೇ ಮಗು ಶಾಲಾ ವಾಹನದಲ್ಲಿ ಮೈಸೂರು ರಸ್ತೆಯಲ್ಲಿ ಸಾಗುವಾಗ, ಮೂಗು ಮುಚ್ಚಿಕೊಂಡು ದಾಟುವ ಕಪ್ಪು ನೀರಿಗೂ ಒಂದು ಹೆಸರಿದೆ. ಅದು ವೃಷಭಾವತಿ. ದೊಡ್ಡವರು ಅದನ್ನು 'ಮೋರಿ' ಎನ್ನುತ್ತಾರಾದ್ದರಿಂದ ಮಗುವೂ ಹಾಗೆಯೇ ಕಲಿಯುತ್ತದೆ. ಊರಿನ ನದಿಯ ಬಗ್ಗೆ ಬರೆಯಲು ಹೇಳಿದಾಗ ಊರಿನ ನದಿಯನ್ನೇ ಬಿಟ್ಟು ಬರೆಯುವ ಈ ವೈಚಿತ್ರ್ಯ ಮಕ್ಕಳ ತಪ್ಪಂತೂ ಅಲ್ಲ.

ಪಠ್ಯಕ್ರಮ ಹೇಳುವುದೇನು?

ಎಲ್ಲ ಹಂತದ ಶಿಕ್ಷಣದಲ್ಲಿಯೂ ಪರಿಸರವು ಕಡ್ಡಾಯ ವಿಷಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ, ಎಂ.ಸಿ. ಮೆಹ್ತಾ ಅವರ ಅರ್ಜಿಯ ಸಂಬಂಧ ನಿರ್ದೇಶಿಸಿತ್ತು. ಮಕ್ಕಳ ಕಲಿಕೆಯ ಹೊರೆಯನ್ನು ಕುರಿತು ಪ್ರೊ. ಯಶಪಾಲ್ ಸಮಿತಿ 1993ರಲ್ಲಿ ವರದಿ ಸಲ್ಲಿಸಿತು. ಅವರದೇ ಅಧ್ಯಕ್ಷತೆಯಲ್ಲಿ ರೂಪುಗೊಂಡ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಬೆಸೆಯಬೇಕೆಂಬುದನ್ನು ತನ್ನ ಮೊದಲ ತತ್ವವಾಗಿ ಸ್ವೀಕರಿಸಿತು. ಕೆಳ ತರಗತಿಗಳಲ್ಲಿ ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳನ್ನು ಬೇರ್ಪಡಿಸದೆ 'ಪರಿಸರ ಅಧ್ಯಯನ' ಎಂಬ ಒಂದೇ ವಿಷಯವಾಗಿ ಬೋಧಿಸುವುದರ ಉದ್ದೇಶವೂ ಇದೇ. ನದಿಯೊಂದರಲ್ಲಿ ಭೂಗೋಳ, ಚರಿತ್ರೆ, ರಸಾಯನ ವಿಜ್ಞಾನ ಎಲ್ಲವೂ ಬೆರೆತಿರುವುದರಿಂದ ಇದಕ್ಕಿಂತ ಹೊಂದುವ ವಿಷಯ ಮತ್ತೊಂದು ಸಿಗಲಾರದು.

ಇನ್ನು ಹೊರೆಯ ಪ್ರಶ್ನೆ. 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೆಯ ತರಗತಿಯವರೆಗೆ ಹೋಂವರ್ಕ್ ನೀಡುವಂತಿಲ್ಲ. ಮೂರರಿಂದ ಐದನೆಯ ತರಗತಿಯವರಿಗೆ ಎಲ್ಲ ವಿಷಯಗಳೂ ಸೇರಿ ವಾರಕ್ಕೆ ಗರಿಷ್ಠ 2 ಗಂಟೆ ಮಾತ್ರ. ಆದ್ದರಿಂದ ಒಂದೇ ರಾತ್ರಿಯಲ್ಲಿ ಮುಗಿಸಿ ತರಬೇಕಾದ ನದಿಯ ಚಾರ್ಟ್ ನೀತಿಗೂ ಒಗ್ಗುವುದಿಲ್ಲ, ಕಲಿಕೆಗೂ ಒಗ್ಗುವುದಿಲ್ಲ. ಅದೇ ಕೆಲಸವನ್ನು ಮಳೆಗಾಲದ ಮೂರು ತಿಂಗಳಿಗೆ ಹಂಚಿ, ವಾರಕ್ಕೆ ಅರ್ಧ ಗಂಟೆಯಂತೆ ಮಾಡಿಸಿದರೆ ಮಗುವಿನ ಕೈಯಲ್ಲಿಯೇ ಆಗುತ್ತದೆ.

ನಲ್ಲಿಯಿಂದ ಆರಂಭವಾಗುವ ಚರಿತ್ರೆ

ನದಿಯ ಅಧ್ಯಯನವನ್ನು ನದೀಮೂಲದಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ. ನಗರದ ಮಗುವಿಗೆ ಅಡುಗೆಮನೆಯ ನಲ್ಲಿಯೇ ಒಳ್ಳೆಯ ಆರಂಭ. 'ಈ ನೀರು ಎಲ್ಲಿಂದ ಬರುತ್ತದೆ? ಅಜ್ಜಿಯ ಕಾಲದಲ್ಲಿ ಎಲ್ಲಿಂದ ಬರುತ್ತಿತ್ತು?' ಎಂಬ ಎರಡು ಪ್ರಶ್ನೆಗಳು ಬೆಂಗಳೂರಿನ ನೂರೈವತ್ತು ವರ್ಷಗಳ ಚರಿತ್ರೆಯನ್ನು ತೆರೆದಿಡುತ್ತವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಊರು ಕೆರೆ, ಬಾವಿಗಳನ್ನೇ ನಂಬಿತ್ತು. ಧರ್ಮಾಂಬುಧಿ ಮತ್ತು ಸಂಪಂಗಿ ಕೆರೆಗಳು ಅವುಗಳಲ್ಲಿ ಪ್ರಮುಖವಾದವು. ಮೊದಲನೆಯದು ಇಂದು ಕೆಂಪೇಗೌಡ ಬಸ್ ನಿಲ್ದಾಣವಾಗಿದೆ, ಎರಡನೆಯದರ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯ ಸಿದ್ಧವಾಯಿತು. ಅಲ್ಲಿಂದ ಹರಿದುಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ, 1896ರ ವೇಳೆಗೆ ನಗರಕ್ಕೆ ಕೊಳವೆಯಲ್ಲಿ ಪೂರೈಸಲಾಯಿತು. ಮಲ್ಲೇಶ್ವರದ ಹಳೆಯ ಜ್ಯುವೆಲ್ ಫಿಲ್ಟರ್ ಆವರಣ ಈ ವ್ಯವಸ್ಥೆಯ ನೆನಪನ್ನು ಇಂದಿಗೂ ಹೊತ್ತಿದೆ.

ಊರು ಬೆಳೆಯಿತು, ನೀರು ಸಾಲದಾಯಿತು. 1933ರಲ್ಲಿ, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯು ಅರ್ಕಾವತಿಯನ್ನು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ನಿರ್ಮಾಣವಾಯಿತು. ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿದ್ದು ಅರ್ಕಾವತಿಯೇ ಹೊರತು ಕಾವೇರಿಯಲ್ಲ. ಕಾವೇರಿಯ ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ಐದನೆಯ ಹಂತವು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಈ ನಡುವೆ, 2012ರ ವೇಳೆಗೆ, ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಪೂರೈಸುವುದು ನಿಂತೇ ಹೋಯಿತು. ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದು ಅವರು ಬೆಂಗಳೂರಿನಲ್ಲಿಯೇ ಬೆಳೆದವರಾದರೆ, ಅವರ ಬಾಲ್ಯದ ನಲ್ಲಿಯ ನೀರು ಅರ್ಕಾವತಿಯದು. ಅದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು ಯಾವ ಚಾರ್ಟ್‌ಗಿಂತಲೂ ದೊಡ್ಡ ಪಾಠ.

ಅರ್ಕಾವತಿ ಏಕೆ ಬತ್ತಿತು?

ನಂದಿ ಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಮೇಲೆ ಹಾದು, ಮಾಗಡಿ, ರಾಮನಗರ, ಕನಕಪುರಗಳ ಸೀಮೆಯಲ್ಲಿ ಸುಮಾರು 190 ಕಿ.ಮೀ. ಹರಿದು ಸಂಗಮದಲ್ಲಿ ಕಾವೇರಿಯನ್ನು ಕೂಡುವ ನದಿಯಿದು. ಮೇಲ್ಭಾಗದಲ್ಲಿ ಇದನ್ನು ಒಂದು ನದಿ ಎನ್ನುವುದಕ್ಕಿಂತ ಕೆರೆಗಳ ಸರಣಿ ಎನ್ನುವುದೇ ಸರಿ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಮುಂದಿನ ಕೆರೆಗೆ, ಅದು ತುಂಬಿದರೆ ಅದರ ಮುಂದಿನದಕ್ಕೆ. 'ಕೋಡಿ', 'ತೂಬು', 'ರಾಜಕಾಲುವೆ' ಎಂಬ ಪದಗಳ ಅರ್ಥವನ್ನು ಮಗು ತಿಳಿಯಬೇಕಾದರೆ ಇಂಥ ಒಂದು ಏರಿಯ ಮೇಲೆ ನಡೆದರೆ ಸಾಕು.

ಮಳೆ ಕಡಿಮೆಯಾದದ್ದರಿಂದ ನದಿ ಬತ್ತಿತು ಎಂಬುದು ಸುಲಭವಾಗಿ ಬರುವ ಉತ್ತರ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಭಾಗವಹಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವು ಈ ಉತ್ತರವನ್ನು ಒಪ್ಪಲಿಲ್ಲ. ಮಳೆಯ ಪ್ರಮಾಣದಲ್ಲಿ ಅಥವಾ ತಾಪಮಾನದಲ್ಲಿ ಆದ ಬದಲಾವಣೆ ಜಲಾಶಯದ ಒಳಹರಿವಿನ ಕುಸಿತವನ್ನು ವಿವರಿಸಲಾರದು. ಕೊಳವೆಬಾವಿಗಳ ಮೂಲಕ ಅಂತರ್ಜಲದ ಮಿತಿಮೀರಿದ ಬಳಕೆ ಹಾಗೂ ನೀಲಗಿರಿ ತೋಪುಗಳ ವಿಸ್ತರಣೆಯೇ ಹೆಚ್ಚು ಸಂಭವನೀಯ ಕಾರಣಗಳು, ಹಳ್ಳಗಳಿಗೆ ಕಟ್ಟಿದ ಅಡ್ಡಗಟ್ಟೆಗಳ ಪಾಲು ಅದಕ್ಕಿಂತ ಕಡಿಮೆ ಎಂಬುದು ಅದರ ತೀರ್ಮಾನದ ಸಾರ. ಭೂಮಿಯೊಳಗಿನ ನೀರಿನ ಮಟ್ಟ ನದೀಪಾತ್ರಕ್ಕಿಂತ ಆಳಕ್ಕೆ ಇಳಿದಾಗ, ಸುರಿದ ಮಳೆ ಹರಿಯುವ ಬದಲು ಒಣನೆಲದಲ್ಲಿ ಇಂಗಿಹೋಗುತ್ತದೆ. ಒಣಗಿದ ಸ್ಪಂಜಿನ ಮೇಲೆ ಒಂದು ಲೋಟ ನೀರು, ನೆನೆದ ಸ್ಪಂಜಿನ ಮೇಲೆ ಇನ್ನೊಂದು ಲೋಟ ಸುರಿದು ತೋರಿಸಿದರೆ ಐದನೆಯ ತರಗತಿಯ ಮಗುವಿಗೆ ಇದು ಕ್ಷಣದಲ್ಲಿ ಅರ್ಥವಾಗುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಇಲ್ಲಿ ಉಲ್ಲೇಖನೀಯ.

ಬಸವನ ಪಾದದಿಂದ ಭೈರಮಂಗಲದವರೆಗೆ

ವೃಷಭಾವತಿ ಅರ್ಕಾವತಿಯ ಉಪನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಇದು ಹುಟ್ಟುತ್ತದೆ ಎಂಬ ನಂಬಿಕೆಯಿಂದಲೇ ಈ ಹೆಸರು. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇಗುಲದ ಎದುರಿನ ನಂದಿ ತೀರ್ಥವೂ ಇದರ ಒಂದು ಮೂಲವೆಂದು ಭಾವಿಸುವವರಿದ್ದಾರೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇದೇ ನದಿಯ ದಡದಲ್ಲಿದೆ. ಭಾರಿ ಮಳೆಯಾದಾಗ ನೀರು ದೇಗುಲದೊಳಕ್ಕೆ ನುಗ್ಗಿದ ಉದಾಹರಣೆಗಳಿವೆ. ಕೊಳಚೆಗೆ ಯಾರೂ ಗುಡಿ ಕಟ್ಟುವುದಿಲ್ಲ. ದಡದ ಗುಡಿಗಳ ಪಟ್ಟಿಯನ್ನು ಮಕ್ಕಳಿಂದ ಮಾಡಿಸಿದರೆ, ಒಂದು ಕಾಲಕ್ಕೆ ಇಲ್ಲಿ ಸ್ನಾನಕ್ಕೂ ಪೂಜೆಗೂ ಯೋಗ್ಯವಾದ ನೀರಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಕೆಂಗೇರಿಯನ್ನು ದಾಟಿದ ನದಿ ಬಿಡದಿಯ ಸಮೀಪದ ಭೈರಮಂಗಲ ಕೆರೆಯನ್ನು ಸೇರುತ್ತದೆ. ನೀರಾವರಿಗೆಂದು 1940ರ ದಶಕದಲ್ಲಿ ಕಟ್ಟಿದ ಈ ಕೆರೆಗೆ ನಗರದ ತ್ಯಾಜ್ಯ ನೀರು ಹರಿದುಬಂದು, ಅದನ್ನೇ ನಂಬಿದ ರೈತರ ಹೊಲ, ಬಾವಿಗಳೆರಡೂ ಕೆಟ್ಟವು. ನೊರೆಯ ದೃಶ್ಯಗಳು ಆಗಾಗ್ಗೆ ಸುದ್ದಿಯಾಗುವುದು ಓದುಗರಿಗೆ ಗೊತ್ತೇ ಇದೆ. ಬಟ್ಟೆ ಮತ್ತು ಪಾತ್ರೆ ತೊಳೆಯುವ ಮಾರ್ಜಕಗಳಲ್ಲಿನ ರಾಸಾಯನಿಕಗಳು ಶುದ್ಧೀಕರಣಗೊಳ್ಳದೆ ಉಳಿದು, ನೀರು ಎತ್ತರದಿಂದ ಧುಮುಕುವಾಗ ಗಾಳಿಯೊಂದಿಗೆ ಬೆರೆತು ನೊರೆಯಾಗುತ್ತವೆ. ಅಂದರೆ ನೊರೆಯ ಒಂದು ಪಾಲು ಮಗುವಿನ ಮನೆಯ ಬಚ್ಚಲಿನಿಂದಲೇ ಹೋದದ್ದು. ಕಾರ್ಖಾನೆಗಳನ್ನು ಮಾತ್ರ ದೂರುವ ಪ್ರಬಂಧಗಳಲ್ಲಿ ಈ ಅಂಶ ಕಾಣುವುದಿಲ್ಲ.

ಲೆಕ್ಕವೂ ಕಷ್ಟದ್ದಲ್ಲ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರ್ಕಾರಿ ಮಾನದಂಡ. ಬಳಸಿದ ನೀರಿನಲ್ಲಿ ಶೇ. 80ರಷ್ಟು ತ್ಯಾಜ್ಯವಾಗುತ್ತದೆ ಎಂಬುದು ಎಂಜಿನಿಯರುಗಳು ಅನುಸರಿಸುವ ಅಂದಾಜು. ನಾಲ್ವರ ಕುಟುಂಬ 540 ಲೀಟರ್ ಬಳಸಿದರೆ 432 ಲೀಟರ್ ಹೊರಕ್ಕೆ ಹೋಗುತ್ತದೆ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪ್ ಮಾಡಿ ತಂದ ಕಾವೇರಿಯೇ ಬಳಕೆಯ ನಂತರ ವೃಷಭಾವತಿಯಾಗಿ, ಅರ್ಕಾವತಿಯಾಗಿ, ಸಂಗಮದಲ್ಲಿ ಮರಳಿ ಕಾವೇರಿಯನ್ನು ಸೇರಿ, ಮೇಕೆದಾಟುವಿನ ಮೂಲಕ ಮೆಟ್ಟೂರಿನ ಕಡೆ ಸಾಗುತ್ತದೆ. ನಕ್ಷೆಯ ಮೇಲೆ ಈ ವೃತ್ತವನ್ನು ಬಣ್ಣದ ಪೆನ್ಸಿಲಿನಿಂದ ಎಳೆಯುವುದೇ ಒಂದು ವಾರದ ಹೋಂವರ್ಕ್ ಆಗಬಹುದು.

ಇಲ್ಲೊಂದು ಎಚ್ಚರ ಅಗತ್ಯ. ಬೆಂಗಳೂರು ದಿಣ್ಣೆಯ ಮೇಲಿನ ಊರಾದ್ದರಿಂದ ಎಲ್ಲ ಬಡಾವಣೆಗಳ ನೀರೂ ಪಶ್ಚಿಮಕ್ಕೆ ಹರಿಯುವುದಿಲ್ಲ. ಇಂದಿರಾನಗರ, ಕೋರಮಂಗಲಗಳ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆದ್ದರಿಂದ 'ನನ್ನ ಮನೆ ಯಾವ ನದಿಯದು?' ಎಂಬುದು ಪ್ರತಿ ಮಗುವೂ ಮೊದಲು ಬಿಡಿಸಬೇಕಾದ ಒಗಟು. ಇಸ್ರೋದ 'ಭುವನ್' ಅಂತರಜಾಲ ನಕ್ಷೆಯೂ ಸರ್ವೆ ಆಫ್ ಇಂಡಿಯಾದ ನಕ್ಷೆಗಳೂ ಶಿಕ್ಷಕರಿಗೆ ನೆರವಾಗುತ್ತವೆ. ಚರಿತ್ರೆಗೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್, ಬೆಂಗಳೂರು ಜಿಲ್ಲೆಯ ಶಾಸನಗಳಿಗೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ ಇವೆ.

ಅಳೆಯುವುದು, ನೋಡುವುದು

ಮಳೆಯನ್ನು ಅಳೆಯಲು ಉಪಕರಣ ಕೊಳ್ಳಬೇಕಾಗಿಲ್ಲ. ನೇರ ಗೋಡೆ, ಸಮತಟ್ಟಾದ ತಳವಿರುವ ಡಬ್ಬಿಯನ್ನು ತಾರಸಿಯ ಮೇಲಿಟ್ಟು ಪ್ರತಿದಿನ ಬೆಳಿಗ್ಗೆ ಅಳತೆಪಟ್ಟಿಯಿಂದ ನೀರಿನ ಎತ್ತರ ನೋಡಿದರಾಯಿತು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. 100 ಚದರ ಮೀಟರಿನ ತಾರಸಿಗೆ 10 ಮಿ.ಮೀ. ಮಳೆ ಬಿದ್ದರೆ 1000 ಲೀಟರ್. ಮೇಲಿನ ಕುಟುಂಬದ ಸುಮಾರು ಎರಡು ದಿನಗಳ ಬಳಕೆ ಅದು.

ನೀರನ್ನು ಮಾತ್ರ ದೂರದಿಂದಲೇ ನೋಡಬೇಕು. ವೃಷಭಾವತಿಯ ದಡಕ್ಕೆ ಮಕ್ಕಳನ್ನು ಇಳಿಸುವುದಾಗಲೀ ನೀರನ್ನು ಮುಟ್ಟಗೊಡುವುದಾಗಲೀ ಸಲ್ಲದು. ಸೇತುವೆಯ ಪಾದಚಾರಿ ಮಾರ್ಗದಿಂದ, ದೊಡ್ಡವರ ಜೊತೆಯಲ್ಲಿ, ಬಣ್ಣ, ವಾಸನೆ, ನೊರೆ, ತೇಲುವ ವಸ್ತು, ಕಂಡ ಹಕ್ಕಿ ಇವನ್ನು ದಿನಾಂಕ ಸಹಿತ ಬರೆದುಕೊಂಡರೆ ಸಾಕು. ಮಳೆಗೆ ಮುನ್ನ ಮತ್ತು ಮಳೆಯ ಮರುದಿನ ಹೀಗೆ ಎರಡು ಬಾರಿ ನೋಡುವುದು ಉತ್ತಮ. ಮೀನು ಬದುಕಲು ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿ.ಗ್ರಾಂ ಕರಗಿದ ಆಮ್ಲಜನಕ ಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಪರೀಕ್ಷೆ ಮಾಡುವುದಿದ್ದರೆ ಕೈಗವಸು ತೊಟ್ಟ ಶಿಕ್ಷಕರೇ ಮಾದರಿಯನ್ನು ತೆಗೆದು ತರಗತಿಯಲ್ಲಿ ತೋರಿಸುವುದು ಕ್ಷೇಮ. ಸಂಗಮ ಮತ್ತು ಮೇಕೆದಾಟು ಪ್ರವಾಸಕ್ಕೆ ಹೋದವರು ನೀರಿಗಿಳಿದು ಮೃತಪಟ್ಟ ದುರಂತಗಳು ಹಲವು. ಅಲ್ಲಿಗೆ ಹೋಗುವ ಶಾಲೆಗಳು ಇದನ್ನು ಮರೆಯಬಾರದು.

ಅಂಕ ನೀಡುವ ಬಗೆ ಬದಲಾಗದೆ ಇದ್ಯಾವುದೂ ನಡೆಯದು. ಅಂದವಾದ ಚಾರ್ಟ್‌ಗೆ ಹತ್ತಕ್ಕೆ ಹತ್ತು, ಮಳೆಯಲ್ಲಿ ನೆನೆದ ಟಿಪ್ಪಣಿ ಪುಸ್ತಕಕ್ಕೆ ಆರು ಎಂದಾದರೆ ಪೋಷಕರು ಮತ್ತೆ ಅಂಗಡಿಗೇ ಹೋಗುತ್ತಾರೆ. ಮಗು ಕೇಳಿದ ಪ್ರಶ್ನೆಗಳಿಗೂ ಅಂಕವಿರಬೇಕು, 'ಗೊತ್ತಾಗಲಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದುದಕ್ಕೂ ಇರಬೇಕು.

ಬೇರೆ ಊರುಗಳಲ್ಲಿಯೂ ವಿಷಯಕ್ಕೆ ಬರವಿಲ್ಲ. ಧಾರವಾಡದ ಮಕ್ಕಳಿಗೆ ಊರಂಚಿನ ಸೋಮೇಶ್ವರ ದೇಗುಲದ ಬಳಿ ಹುಟ್ಟುವ ಶಾಲ್ಮಲೆ ಇದೆ. ಶಿವಮೊಗ್ಗದವರಿಗೆ ತುಂಗೆ, ಮಂಗಳೂರಿನವರಿಗೆ ನೇತ್ರಾವತಿ ಮತ್ತು ಫಲ್ಗುಣಿ. ನದಿಯಿಲ್ಲದ ಮೈಸೂರಿನಲ್ಲಿ ದಿವಾನ ಪೂರ್ಣಯ್ಯನವರು ತೋಡಿಸಿದ ನಾಲೆಯ ಅವಶೇಷಗಳನ್ನು ಹುಡುಕಬಹುದು. ಅಧ್ಯಯನವನ್ನು ಜೂನ್ ತಿಂಗಳಲ್ಲಿ, ಮುಂಗಾರು ಬಲಗೊಳ್ಳುವ ಮುನ್ನವೇ ಆರಂಭಿಸಿದರೆ ಒಣಗಿದ ಪಾತ್ರ ಮತ್ತು ತುಂಬಿದ ಪಾತ್ರ ಎರಡನ್ನೂ ದಸರಾ ರಜೆಯೊಳಗೆ ದಾಖಲಿಸಿಕೊಳ್ಳಲು ಸಾಧ್ಯವಾಗುತ್ತದೆ.