ಎಳೆಯ ನಕ್ಷತ್ರಗಳ ದೂರಮಾಪನ

ಅನಿಲ ಮತ್ತು ದೂಳಿನ ಮೋಡಗಳಲ್ಲಿ ಈಚೆಗೆ ಹುಟ್ಟಿದ ನಕ್ಷತ್ರಗಳ ಹಾಗೂ ಅವು ಹುಟ್ಟುವ ನೆಲೆಗಳ ದೂರವನ್ನು ಕರಾರುವಾಕ್ಕಾಗಿ ಅಳೆಯುವ ಖಗೋಳ ವಿಧಾನ. ನಕ್ಷತ್ರದ ನಿಜಕಾಂತಿಯನ್ನು ಲೆಕ್ಕಹಾಕಲು ದೂರದ ವರ್ಗ ಬೇಕು. ಆದ್ದರಿಂದ ದೂರದಲ್ಲಿ ಶೇ. 10ರಷ್ಟು ತಪ್ಪಿದರೆ ಕಾಂತಿಯಲ್ಲಿ ಸುಮಾರು ಶೇ. 20ರಷ್ಟು ತಪ್ಪುತ್ತದೆ, ಅದನ್ನು ನಂಬಿದ ವಯಸ್ಸಿನ ಲೆಕ್ಕವೂ ಕೆಡುತ್ತದೆ.

ಮೂಲತತ್ತ್ವ ಭೂಮಾಪನದ್ದೇ. 1800ರಲ್ಲಿ ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, ಅದರಿಂದ ಕೋನಗಳನ್ನು ಹಿಡಿದು ಮೈಸೂರು ಸೀಮೆಯ ತ್ರಿಕೋನ ಸರ್ವೆಗೆ ತೊಡಗಿದರು. ನಕ್ಷತ್ರಗಳಿಗೆ ಭೂಕಕ್ಷೆಯೇ ಆಧಾರರೇಖೆ. ಆರು ತಿಂಗಳ ಅಂತರದಲ್ಲಿ ನೋಡಿದಾಗ ಹತ್ತಿರದ ನಕ್ಷತ್ರ ತುಸು ಸರಿದಂತೆ ತೋರುತ್ತದೆ, ಇದೇ ದಿಗ್ಭೇದ. 1838ರಲ್ಲಿ ಖಗೋಳಜ್ಞ ಬೆಸೆಲ್ ಹಂಸ ಪುಂಜದ 61ನೇ ನಕ್ಷತ್ರದ ದಿಗ್ಭೇದವನ್ನು ಪ್ರಕಟಿಸಿದರು. ಅದು ಒಂದು ಡಿಗ್ರಿಯ 3,600ನೇ ಭಾಗವಾದ ವಿಕಲೆಯ ಮೂರನೇ ಒಂದರಷ್ಟೂ ಇರಲಿಲ್ಲ.

1989ರಲ್ಲಿ ಹಾರಿದ ಹಿಪಾರ್ಕಸ್ ಉಪಗ್ರಹ ಸುಮಾರು 1,18,000 ನಕ್ಷತ್ರಗಳನ್ನು ಅಳೆಯಿತು. ಆದರೆ ದೂಳಿನಲ್ಲಿ ಮುಳುಗಿದ ಎಳೆಯ ನಕ್ಷತ್ರಗಳು ಅದಕ್ಕೆ ಬಹುಪಾಲು ಕಾಣಲಿಲ್ಲ. ಕೃತ್ತಿಕಾ ನಕ್ಷತ್ರಗುಚ್ಛಕ್ಕೆ ಅದು ಕೊಟ್ಟ ಸುಮಾರು 390 ಜ್ಯೋತಿರ್ವರ್ಷದ ದೂರ ವಿವಾದವೆಬ್ಬಿಸಿತು. 2014ರ ರೇಡಿಯೊ ಮಾಪನ 444 ಎಂದು ತೋರಿಸಿತು.

ದೂಳನ್ನು ದಾಟಿ ಬರುವ ರೇಡಿಯೊ ಅಲೆಗಳಿಂದಲೇ ದಾರಿ ತೆರೆಯಿತು. ಪ್ರಬಲ ಕಾಂತಕ್ಷೇತ್ರವಿರುವ ಎಳೆಯ ನಕ್ಷತ್ರಗಳು ರೇಡಿಯೊ ತರಂಗಗಳನ್ನು ಸೂಸುತ್ತವೆ. ಹವಾಯಿಯಿಂದ ಕೆರಿಬಿಯನ್‌ವರೆಗೆ ಹರಡಿದ ಹತ್ತು ಆಂಟೆನಾಗಳ ವಿಎಲ್‌ಬಿಎ ಜಾಲದಿಂದ 2007ರಲ್ಲಿ ವೃಷಭ ಪುಂಜದ ಟಿ ಟೌರಿ ಎಂಬ ಎಳೆಯ ನಕ್ಷತ್ರ 481 ಜ್ಯೋತಿರ್ವರ್ಷ ದೂರದಲ್ಲಿದೆಯೆಂದು ತಿಳಿಯಿತು. ಅನಿಶ್ಚಿತತೆ ಎರಡೇ ಜ್ಯೋತಿರ್ವರ್ಷ. ಜೊಯಿಡಾದಂಥ ಕಾಡುಸೀಮೆಯ ಚಳಿಗಾಲದ ಕತ್ತಲಲ್ಲಿ ಬರಿಗಣ್ಣಿಗೂ ಮಸುಕಾಗಿ ಕಾಣುವ ಮಹಾವ್ಯಾಧ ನೀಹಾರಿಕೆಯ ದೂರ 1981ರ ಅಂದಾಜಿನಲ್ಲಿ ಸುಮಾರು 1,565 ಜ್ಯೋತಿರ್ವರ್ಷವಾಗಿತ್ತು. 2007ರಲ್ಲಿ ಅದು 1,350ಕ್ಕೆ ಇಳಿಯಿತು. ಹಾಗಾಗಿ ಅಲ್ಲಿನ ನಕ್ಷತ್ರಗಳ ಕಾಂತಿ ಕಾಲು ಭಾಗದಷ್ಟು ತಗ್ಗಿ, ಅಂದಾಜು ವಯಸ್ಸು ಹೆಚ್ಚಿತು.

2013ರ ಡಿಸೆಂಬರ್‌ನಲ್ಲಿ ಹಾರಿದ ಗಾಯಾ ನೌಕೆ 2018ರ ಪಟ್ಟಿಯಲ್ಲಿ 130 ಕೋಟಿಗೂ ಹೆಚ್ಚು ನಕ್ಷತ್ರಗಳ ದಿಗ್ಭೇದ ಒದಗಿಸಿತು. ಮೋಡಗಳ ಆಳ, ಬಾಗು ಕೂಡ ಇದರಿಂದ ಗೋಚರವಾದವು. ನಕ್ಷತ್ರ ಹುಟ್ಟುವ ಮೋಡಗಳು ಸುಮಾರು 9,000 ಜ್ಯೋತಿರ್ವರ್ಷ ಉದ್ದದ ಅಲೆಯಾಗಿ ಸಾಲುಗೂಡಿರುವುದು 2020ರಲ್ಲಿ ತಿಳಿಯಿತು. ಇದೇ ರ್‍ಯಾಡ್‌ಕ್ಲಿಫ್ ಅಲೆ.

ದೂರದ ಜೊತೆಗೆ ವರ್ಣಪಟಲವೂ ಬೇಕು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. ವರ್ಣಪಟಲದಿಂದ ಉಷ್ಣತೆ, ದಿಗ್ಭೇದದಿಂದ ಕಾಂತಿ ದೊರೆತಾಗ ಎಳೆಯ ನಕ್ಷತ್ರದ ದ್ರವ್ಯರಾಶಿಯನ್ನೂ ವಯಸ್ಸನ್ನೂ ಅಂದಾಜಿಸಬಹುದು.